ಮೊದಲು ಹತ್ಯಾರು, ಆಮೇಲೆ ಹೊಲ

ಉವೆ ರೋಸೆನ್‌ಬರ್ಗ್ ಅವರ ‘ಫೀಲ್ಡ್ಸ್ ಆಫ್ ಆರ್ಲೆ’ (2014) ಬೋರ್ಡ್ ಆಟವನ್ನು ಮೊದಲ ಸಲ ಬಿಚ್ಚುತ್ತಿದ್ದೀರಾ? ಒಂದು ಮಾತು ಕೇಳಿ. ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸಿಯಾದ ಬೇಸಾಯ ಇದು. ಸಮುದ್ರಕ್ಕೆ ಒಡ್ಡು ಕಟ್ಟಬೇಕು, ಜೌಗಿನ ಪೀಟ್ ಕಡಿದು ಒಲೆಗೆ ಇಡಬೇಕು, ಅಗಸೆ ನಾರಿನಿಂದ ಬಟ್ಟೆ ನೇಯಬೇಕು. ಎಲ್ಲವನ್ನೂ ಮಾಡುವ ಆಸೆ ಹುಟ್ಟುತ್ತದೆ, ಬೇಡ. ಬೇಸಿಗೆ-ಚಳಿಗಾಲಗಳ ಒಂಬತ್ತು ಅರ್ಧವರ್ಷ, ನಾಲ್ಕು ಆಳು, ಒಟ್ಟು 36 ಸರದಿ ಅಷ್ಟೇ.

ಮೊದಲ ಬೇಸಿಗೆಯಲ್ಲೇ ಹತ್ಯಾರು ಹೆಚ್ಚಿಸಿಕೊಳ್ಳಿ. ಮೀನಿನ ಬಲೆ ಜಾಸ್ತಿಯಾದರೆ ಅದೇ ಒಬ್ಬ ಆಳು ಹೆಚ್ಚು ಊಟ ತರುತ್ತಾನೆ. ಬೇಸಿಗೆಯಲ್ಲಿ ಚಳಿಗಾಲದ ಕೆಲಸಕ್ಕೂ ಕೈ ಹಾಕಬಹುದು, ಆದರೆ ಇಬ್ಬರು ಆಟಗಾರರಲ್ಲಿ ಒಬ್ಬರಿಗಷ್ಟೇ. ಎದುರಿನವರ ಕಣ್ಣು ಎಲ್ಲಿದೆ ನೋಡುತ್ತಿರಿ. ಒಬ್ಬರೇ ಆಡುವಾಗ ಆ ಪೈಪೋಟಿ ಇಲ್ಲ. ನಿಧಾನವಾಗಿ ಕಲಿಯಲು ನನಗೆ ಅದೇ ಹೆಚ್ಚು ಇಷ್ಟ.