ಕಾಲ್ನಡಿಗೆಯ ರಜೆ: ಸ್ಕಾಟ್ಲೆಂಡಿನ ಬೆಟ್ಟಗಳು, ದ್ವೀಪಗಳು ಮತ್ತು ತಂಗುಮನೆಗಳು

ವಿದ್ಯಾರ್ಥಿನಿಯರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವ ಮಾತು ಎತ್ತಿದಾಗಲೆಲ್ಲ ತಂದೆತಾಯಿಗಳು ನಮ್ಮನ್ನು ಕೇಳುವ ಪ್ರಶ್ನೆಗಳು ಮೂರು. ರಾತ್ರಿ ಮಕ್ಕಳು ಎಲ್ಲಿ ತಂಗುವರು? ಖರ್ಚು ಎಷ್ಟಾಗುವುದು? ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರದು? ಹೀಗೆ ಕೇಳುವವರನ್ನು ಅಂಜುಬುರುಕರೆಂದು ನಾವು ಎಂದೂ ಎಣಿಸಿದವರಲ್ಲ. ಹೆತ್ತವರು ಕೇಳಲೇಬೇಕಾದ ಪ್ರಶ್ನೆಗಳಿವು. ಆದರೆ ಇವುಗಳಿಗೆ ತಕ್ಕ ಉತ್ತರ ದೊರೆಯದೆ ಹೋದಾಗ ನಷ್ಟವನ್ನು ಅನುಭವಿಸುವವರು ಬಾಲಿಕೆಯರೇ. ಅಣ್ಣತಮ್ಮಂದಿರು ಬೆಟ್ಟವನ್ನು ಹತ್ತಿ ಬರುವರು; ಅಕ್ಕತಂಗಿಯರು ಮನೆಯಲ್ಲಿ ಕುಳಿತು ಅದರ ಕಥೆಯನ್ನು ಕೇಳುವರು.

ಇವೇ ಪ್ರಶ್ನೆಗಳಿಗೆ ಜರ್ಮನಿಯ ಒಬ್ಬ ಶಾಲಾ ಉಪಾಧ್ಯಾಯರು ಒಂದು ಉತ್ತರವನ್ನು ಕಂಡುಕೊಂಡರು. ಆ ಉತ್ತರವು ಸ್ಕಾಟ್ಲೆಂಡಿನ ಬೆಟ್ಟಗಾಡಿನಲ್ಲಿಯೂ ದೂರದ ದ್ವೀಪಗಳಲ್ಲಿಯೂ ಹೇಗೆ ಬೇರೂರಿತು, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ. ಓದುವವರು ಅಟ್ಲಾಸನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡರೆ ಒಳ್ಳೆಯದು.

1. ತಂಗುಮನೆಯ ಹುಟ್ಟು

1909ನೆಯ ಇಸವಿ ಆಗಸ್ಟ್ ತಿಂಗಳ 26ನೆಯ ದಿನ ರಿಚರ್ಡ್ ಶಿರ್ಮನ್ ಎಂಬ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳೊಡನೆ ಹಲವು ದಿನಗಳ ಕಾಲ್ನಡಿಗೆಯ ಪ್ರವಾಸದಲ್ಲಿದ್ದರು. ದಾರಿಯಲ್ಲಿ ಗುಡುಗು ಮಳೆ ಹಿಡಿಯಿತು. ಒಂದು ಹಳ್ಳಿಯ ಶಾಲೆಯಲ್ಲಿ ಆಶ್ರಯ ದೊರಕಿತು. ಹುಲ್ಲು ಹಾಸಿಕೊಂಡು ಹುಡುಗರು ಮಲಗಿದರು. ಹೊರಗೆ ಮಳೆ ಸುರಿಯುತ್ತಿರಲು ನಿದ್ರೆ ಬಾರದ ಉಪಾಧ್ಯಾಯರಿಗೆ ಒಂದು ಯೋಚನೆ ಹೊಳೆಯಿತು. ರಜೆಯ ದಿನಗಳಲ್ಲಿ ಹಳ್ಳಿಹಳ್ಳಿಯ ಶಾಲೆಗಳೆಲ್ಲ ಬರಿದಾಗಿ ನಿಂತಿರುತ್ತವೆ. ಒಂದೊಂದು ದಿನದ ನಡಿಗೆಯ ಅಂತರದಲ್ಲಿ ಇಂಥ ಒಂದೊಂದು ಕಟ್ಟಡವು ಮಕ್ಕಳಿಗಾಗಿ ತೆರೆದಿದ್ದರೆ ಬಡವರ ಮಕ್ಕಳೂ ತಮ್ಮ ನಾಡನ್ನು ನಡೆದು ನೋಡಬಹುದಲ್ಲವೆ? ಮುಂದೆ ಅವರು ಆಲ್ಟೆನಾ ಊರಿನಲ್ಲಿ ತಮ್ಮ ಶಾಲೆಯ ಕೊಠಡಿಗಳಲ್ಲಿ, ಆಮೇಲೆ ಅಲ್ಲಿಯ ಹಳೆಯ ಕೋಟೆಯಲ್ಲಿ, ಇಂಥ ತಂಗುಮನೆಯನ್ನು ನಡೆಯಿಸಿದರು. ಜಗತ್ತಿನ ಯುವಜನ ಹಾಸ್ಟೆಲುಗಳಿಗೆ ಮೂಲ ಇದೇ.

ಹಾಸ್ಟೆಲು ಎಂದೊಡನೆ ನಮ್ಮವರಿಗೆ ವಿದ್ಯಾರ್ಥಿನಿಲಯ ನೆನಪಾಗುವುದು. ಇದು ಅದಲ್ಲ. ಇದು ದಾರಿಹೋಕರು ಒಂದೆರಡು ರಾತ್ರಿ ಇದ್ದು ಹೋಗುವ ಮನೆ. ನಮ್ಮ ಛತ್ರಗಳಿಗೆ ಹತ್ತಿರದ್ದು. ಆದರೆ ಒಂದು ಭೇದವುಂಟು. ಛತ್ರದಲ್ಲಿ ಧರ್ಮಾತ್ಮರೊಬ್ಬರು ಕಟ್ಟಿಸಿಕೊಟ್ಟುದನ್ನು ಉಳಿದವರು ಅನುಭವಿಸುವರು. ಈ ತಂಗುಮನೆಯಲ್ಲಿಯಾದರೋ ತಂಗಿದವರೇ ಗುಡಿಸಿ, ತೊಳೆದು, ಮುಂದಿನವರಿಗೆ ಒಪ್ಪಿಸಿ ಹೋಗತಕ್ಕವರು.

ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳ ಸಂಘವು 1930ರಲ್ಲಿಯೂ, ಸ್ಕಾಟ್ಲೆಂಡಿನ ಸಂಘವು 1931ರಲ್ಲಿಯೂ ಸ್ಥಾಪಿತವಾದುವು. ಸ್ಕಾಟ್ಲೆಂಡಿನ ಮೊದಲ ಹಾಸ್ಟೆಲು ಸೆಲ್‌ಕರ್ಕ್ ಪಟ್ಟಣದ ಬಳಿಯ ಬ್ರಾಡ್‌ಮೆಡೋಸ್ ಎಂಬಲ್ಲಿ ಅದೇ ವರುಷ ತೆರೆಯಿತು. ಆರಂಭಕಾಲದಲ್ಲಿ ಒಂದು ರಾತ್ರಿಗೆ ಒಂದು ಶಿಲ್ಲಿಂಗ್ ಬಾಡಿಗೆ. ಗಿರಣಿಯಲ್ಲಿಯೂ ಅಂಗಡಿಯಲ್ಲಿಯೂ ದುಡಿಯುತ್ತಿದ್ದ ತರುಣತರುಣಿಯರಿಗೂ ಅದು ಎಟುಕುವಂತಿತ್ತು.

2. ನಾಡಿನ ಲಕ್ಷಣ

ಸ್ಕಾಟ್ಲೆಂಡಿನ ಉತ್ತರ ಮತ್ತು ಪಶ್ಚಿಮ ಭಾಗಕ್ಕೆ ಹೈಲೆಂಡ್ಸ್ ಎಂದು ಹೆಸರು. ಅಲ್ಲಿಯ ಅತ್ಯುನ್ನತ ಶಿಖರವಾದ ಬೆನ್ ನೆವಿಸ್ 1,345 ಮೀಟರು ಮಾತ್ರ. ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡದು. ಆದರೂ ಎತ್ತರವನ್ನು ಕಂಡು ಹಗುರಾಗಿ ಎಣಿಸಬಾರದು. ಬೆಂಗಳೂರು 13ನೆಯ ಅಕ್ಷಾಂಶದಲ್ಲಿದ್ದರೆ ಈ ಬೆಟ್ಟಗಳು 57-58ನೆಯ ಅಕ್ಷಾಂಶದ ಸುತ್ತಿನಲ್ಲಿವೆ. ಜೂನ್ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ. ಅಟ್ಲಾಂಟಿಕ್ ಸಾಗರದಿಂದ ಬರುವ ಗಾಳಿಯು ಮಳೆಯನ್ನು ಹೊತ್ತು ತರುವುದು. ಬೇಸಿಗೆಯ ಹೂಬಿಸಿಲು ಒಂದು ಗಳಿಗೆಯೊಳಗೆ ಮಂಜಾಗಿ, ಮಂಜು ಮಳೆಯಾಗಿ ಮಾರ್ಪಡುವುದು ಅಲ್ಲಿ ಸಾಮಾನ್ಯ.

ಪಶ್ಚಿಮದ ಕಡಲಿನಲ್ಲಿ ಹೆಬ್ರಿಡೀಸ್ ದ್ವೀಪಗಳಿವೆ. ಅವುಗಳಲ್ಲಿ ಹೊರಸಾಲಿನ ಲೂಯಿಸ್, ಹ್ಯಾರಿಸ್ ಮೊದಲಾದ ದ್ವೀಪಗಳ ತಳದಲ್ಲಿರುವ ನೈಸ್ ಎಂಬ ಶಿಲೆಗೆ ಸುಮಾರು ಮುನ್ನೂರು ಕೋಟಿ ವರುಷಗಳವರೆಗಿನ ವಯಸ್ಸು. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡವೂ ಇದೇ ಜಾತಿಯ ಅತಿ ಪ್ರಾಚೀನ ಶಿಲೆಯೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಈ ನಾಡು ನಿರ್ಜನವಾಗಿರುವುದಕ್ಕೆ ಪ್ರಕೃತಿಯೊಂದೇ ಕಾರಣವಲ್ಲ. 18ನೆಯ ಶತಮಾನದ ಉತ್ತರಾರ್ಧದಿಂದ ಸುಮಾರು ನೂರು ವರುಷಗಳ ಕಾಲ ಜಮೀನುದಾರರು ಕುರಿಸಾಕಣೆಯ ಲಾಭಕ್ಕಾಗಿ ಒಕ್ಕಲುಗಳನ್ನು ಎಬ್ಬಿಸಿದರು. ಕಣಿವೆಗಳು ಬರಿದಾದುವು, ಜನರು ಕಡಲ ದಂಡೆಯ ಬರಡು ನೆಲಕ್ಕೋ ಕೆನಡ ಮುಂತಾದ ದೇಶಗಳಿಗೋ ಹೋದರು. 1886ರ ಕಾಯಿದೆಯು ಉಳಿದ ಚಿಕ್ಕ ಹಿಡುವಳಿದಾರರಿಗೆ ಭೂಮಿಯ ಮೇಲೆ ಭದ್ರವಾದ ಹಕ್ಕನ್ನು ಕೊಟ್ಟಿತು. ಇಂದು ನಡೆದುಹೋಗುವವರಿಗೆ ಕಾಣಿಸುವ ಸೂರಿಲ್ಲದ ಗೋಡೆಗಳು ಒಂದು ಕಾಲಕ್ಕೆ ಮನೆಗಳಾಗಿದ್ದುವು. ಮೌನವಾದ ಕಣಿವೆಯನ್ನು ಕಂಡು ಎಷ್ಟು ಸೊಗಸೆಂದು ಹೊಗಳುವ ಮುನ್ನ, ಇಲ್ಲಿದ್ದವರು ಎಲ್ಲಿ ಹೋದರೆಂದು ಕೇಳುವುದು ವಿದ್ಯಾವಂತರ ಲಕ್ಷಣ.

3. ನಕ್ಷೆಯ ಮೇಲೆ ನಡಿಗೆ

ಗ್ಲಾಸ್ಗೋ ನಗರದಿಂದ ರೈಲು ಹತ್ತಿ ಉತ್ತರಕ್ಕೆ ಹೊರಡೋಣ. ರಾನ್ನಕ್ ಎಂಬ ಜೌಗುಬಯಲನ್ನು ದಾಟಿದ ಮೇಲೆ ಕೊರೂರ್ ಎಂಬ ನಿಲ್ದಾಣ ಬರುತ್ತದೆ. ಸಾರ್ವಜನಿಕ ರಸ್ತೆಯೇ ಇಲ್ಲದ ನಿಲ್ದಾಣವಿದು. ಇಲ್ಲಿಂದ ಸುಮಾರು ಒಂದು ಮೈಲಿ ನಡೆದರೆ ಆಸಿಯನ್ ಸರೋವರದ ದಂಡೆಯಲ್ಲಿ 1931ರಷ್ಟು ಹಿಂದೆ ತೆರೆದ ಹಾಸ್ಟೆಲು ಸಿಕ್ಕುತ್ತದೆ. ಇದಕ್ಕಿಂತಲೂ ಏಕಾಂತವಾದುದು ಆಫ್ರಿಕ್ ಕಣಿವೆಯ ಆಲ್ಟ್‌ಬೇ. ಅಲ್ಲಿಗೆ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಕಾಲ್ನಡಿಗೆಯಲ್ಲಿಯೋ ಸೈಕಲ್ಲಿನಲ್ಲಿಯೋ ಹೋಗಬೇಕು. ಆಹಾರವನ್ನು ಹೊತ್ತು ಹೋಗಬೇಕು. ಮಿಕ್ಕ ಕಸವನ್ನೂ ಹೊತ್ತು ಹಿಂದಿರುಗಬೇಕು.

ರೈಲು ಮಾರ್ಗದ ಕೊನೆಯಲ್ಲಿ ಮ್ಯಾಲೇಗ್ ಬಂದರು. ಅಲ್ಲಿಂದ ಹಡಗಿನಲ್ಲಿ ಸ್ಕೈ ದ್ವೀಪಕ್ಕೆ ದಾಟಬಹುದು. ಸ್ಕೈ ದ್ವೀಪದ ಕೂಲಿನ್ ಬೆಟ್ಟಗಳು ಗರಗಸದ ಹಲ್ಲಿನಂತೆ ಮೊನಚಾಗಿದ್ದು, ನುರಿತ ಹತ್ತುಗಾರರಿಗೂ ಎಚ್ಚರಿಕೆ ಕಲಿಸತಕ್ಕವು. ಸಾಧಾರಣ ನಡಿಗೆಯವರು ಬುಡದ ಗ್ಲೆನ್‌ಬ್ರಿಟಲ್ ಹಾಸ್ಟೆಲಿನಲ್ಲಿ ತಂಗಿ, ತಗ್ಗಿನ ದಾರಿಗಳಲ್ಲಿ ನಡೆದರೆ ಸಾಕು.

ಸ್ಕೈ ದ್ವೀಪದ ಊಗ್ ಬಂದರಿನಿಂದ ಹ್ಯಾರಿಸ್ ದ್ವೀಪದ ಟಾರ್ಬರ್ಟಿಗೆ ಹಡಗಿನಲ್ಲಿ ಎರಡು ಗಂಟೆಗೂ ಕಡಿಮೆ ಪ್ರಯಾಣ. ಇಲ್ಲಿಂದ ನಮ್ಮ ದಾರಿಯಲ್ಲಿ ವಿಶೇಷವಾಗಿ ಗಮನಿಸತಕ್ಕ ಊರು ರೆನಿಗಡೇಲ್. 1990ರ ಸುಮಾರಿಗೆ ರಸ್ತೆಯಾಗುವವರೆಗೆ ಈ ಹಳ್ಳಿಗೆ ಹೋಗಲು ಎರಡೇ ಉಪಾಯಗಳಿದ್ದುವು: ಒಂದು ದೋಣಿ, ಇನ್ನೊಂದು ಗುಡ್ಡವನ್ನೇರಿ, ಕಡಲಿನವರೆಗೆ ಅಂಕುಡೊಂಕಾಗಿ ಇಳಿದು, ಮತ್ತೆ ಏರುವ ಕಾಲುದಾರಿ. ಅಂಚೆಯವರು ಈ ದಾರಿಯಲ್ಲಿಯೇ ನಡೆದು ಕಾಗದಗಳನ್ನು ತರುತ್ತಿದ್ದರು. 1962ರಲ್ಲಿ ಇಲ್ಲಿ ಒಂದು ಚಿಕ್ಕ ಹಾಸ್ಟೆಲು ತೆರೆಯಿತು. ಇದಕ್ಕೆ ಕಾರಣರಾದವರು ಹರ್ಬರ್ಟ್ ಗ್ಯಾಟ್ಲಿಫ್ ಎಂಬವರು. ಅವರು ಹೊಸ ಸೌಧಗಳನ್ನು ಕಟ್ಟಿಸಲಿಲ್ಲ. ದ್ವೀಪದ ರೈತರ ಹಳೆಯ ಮನೆಗಳನ್ನೇ ಅವರ ಒಪ್ಪಿಗೆಯಿಂದ ಅಣಿಗೊಳಿಸಿ, ನೆರೆಮನೆಯವರ ಮೇಲ್ವಿಚಾರಣೆಗೆ ಒಪ್ಪಿಸುವ ಪದ್ಧತಿಯನ್ನು ತಂದರು. ಬಂದವರಿಗೆ ಸೂರು ದೊರಕಿತು. ಹಳೆಯ ಮನೆಯೂ ಉಳಿಯಿತು.

ಹ್ಯಾರಿಸ್‌ನ ದಕ್ಷಿಣದ ಲೆವರ್‌ಬರೋ ಎಂಬಲ್ಲಿಂದ ಹಡಗೇರಿದರೆ ಬರ್ನರೇ ಎಂಬ ಪುಟ್ಟ ದ್ವೀಪ. ಇದಕ್ಕೂ ನಾರ್ತ್ ಯೂಯಿಸ್ಟ್ ದ್ವೀಪಕ್ಕೂ ನಡುವೆ 1999ರಲ್ಲಿ ಕಡಲ ಮೇಲಣ ಒಡ್ಡುದಾರಿ ಆಯಿತು. ಕಡಲ ಮರಳಿನ ಅಂಚಿನಲ್ಲಿ ಹುಲ್ಲು ಹೊದಿಸಿದ ದಪ್ಪ ಗೋಡೆಯ ಮನೆಯೇ ಇಲ್ಲಿಯ ಹಾಸ್ಟೆಲು. ದಕ್ಷಿಣಕ್ಕೆ ಸಾಗಿದರೆ ಸೌತ್ ಯೂಯಿಸ್ಟಿನ ಹೋಮೋರ್ ಎಂಬಲ್ಲಿ ಇಂಥದೇ ಇನ್ನೊಂದು. ಅದರ ನೆರೆಯಲ್ಲಿ ಮಧ್ಯಯುಗದ ಪ್ರಾರ್ಥನಾಲಯಗಳ ಅವಶೇಷಗಳು. ಚಿಪ್ಪಿನ ಮರಳು ಬೆರೆತ ಕರಾವಳಿಯ ಹುಲ್ಲುಗಾವಲು ಬೇಸಿಗೆಯಲ್ಲಿ ಹೂಗಳಿಂದ ತುಂಬಿರುತ್ತದೆ. ಇದನ್ನು ಮಾಖರ್ ಎಂದು ಕರೆಯುತ್ತಾರೆ. ಇದು ಆ ಜನರ ಗೇಲಿಕ್ ಭಾಷೆಯ ಮಾತು.

4. ತಂಗುಮನೆಯ ನಿಯಮಗಳು

ಮೊದಲಿನ ಹಾಸ್ಟೆಲುಗಳ ನಿಯಮಗಳು ಸರಳವಾಗಿದ್ದುವು. ನಡೆದೋ ಸೈಕಲ್ಲಿನಲ್ಲಿಯೋ ಬರಬೇಕು. ಮೋಟಾರಿನಲ್ಲಿ ಬಂದವರಿಗೆ ಎಡೆಯಿಲ್ಲ. ಮಲಗುವ ಕೋಣೆಗಳು ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ. ಕಂಬಳಿ ಹಾಸ್ಟೆಲಿನದು; ಹೊದಿಕೆಯೊಳಗಿನ ದುಪ್ಪಟಿಯ ಚೀಲವು ಬಂದವರದು. ಅಡಿಗೆಮನೆ ಎಲ್ಲರಿಗೂ ಸೇರಿದುದು. ಬಂದೊಡನೆ ಸದಸ್ಯತ್ವದ ಕಾರ್ಡನ್ನು ಮೇಲ್ವಿಚಾರಕರಿಗೆ ಒಪ್ಪಿಸಬೇಕು; ಬೆಳಿಗ್ಗೆ ನೆಲ ಗುಡಿಸುವುದು, ಪಾತ್ರೆ ತೊಳೆಯುವುದು, ಸೌದೆ ತರುವುದು ಇವುಗಳಲ್ಲಿ ಪಾಲಿಗೆ ಬಂದ ಕೆಲಸವನ್ನು ಮುಗಿಸಿದ ಮೇಲೆ ಅದನ್ನು ಮರಳಿ ಪಡೆಯಬೇಕು. ಧನಿಕರ ಮಗಳಿಗೂ ಗಿರಣಿಯ ಕೆಲಸದವಳಿಗೂ ಪೊರಕೆ ಒಂದೇ.

ಕಾಲಕ್ರಮದಲ್ಲಿ ಈ ನಿಯಮಗಳಲ್ಲಿ ಬಹಳಷ್ಟು ಸಡಿಲವಾದುವು. ಮೋಟಾರಿನವರಿಗೆ ಪ್ರವೇಶ ದೊರಕಿತು. ಬೆಳಗಿನ ಕೆಲಸದ ಕಟ್ಟಳೆ ತಪ್ಪಿತು. ಅನೇಕ ಚಿಕ್ಕ ಹಾಸ್ಟೆಲುಗಳು ಮುಚ್ಚಿಹೋದುವು. ಆದರೆ ನಾವು ಹೆಸರಿಸಿದ ದೂರದ ಮನೆಗಳಲ್ಲಿ ಹಳೆಯ ರೀತಿಯ ಸಾರ ಇನ್ನೂ ಉಳಿದಿದೆ. ಅಲ್ಲಿ ಕಾವಲಿಗಿಂತ ನಂಬಿಕೆಯೇ ಹೆಚ್ಚು. ಹಿಂದಿನವರು ಕೆಟ್ಟದಾಗಿ ನಡೆದುಕೊಂಡಿದ್ದರೆ ಇಂದು ಬಂದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ನಡೆಯುವ ಸ್ವಾತಂತ್ರ್ಯಕ್ಕೂ ಇದೇ ಆಧಾರ. 2003ರ ಸ್ಕಾಟ್ಲೆಂಡಿನ ಭೂಸುಧಾರಣೆಯ ಕಾಯಿದೆಯು ಬೆಟ್ಟಬಯಲುಗಳಲ್ಲಿ ಸಂಚರಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಹೊಣೆಯರಿತು ನಡೆಯುವವರಿಗೆ ಮಾತ್ರ ಆ ಹಕ್ಕು ಸಲ್ಲುವುದು.

5. ಅಪಾಯದ ಮಾತು

ಪೋಷಕರ ಮೂರನೆಯ ಪ್ರಶ್ನೆಯನ್ನು ಮರೆಮಾಚಿ ಈ ಪಾಠವನ್ನು ಮುಗಿಸುವುದು ಸರಿಯಲ್ಲ. 1971ರ ನವೆಂಬರ್ ತಿಂಗಳಲ್ಲಿ ಎಡಿನ್‌ಬರೋ ನಗರದ ಒಂದು ಶಾಲೆಯ ತಂಡವು ಕೇರ್ನ್‌ಗಾರ್ಮ್ ಎಂಬ ಎತ್ತರದ ಪ್ರಸ್ಥಭೂಮಿಯಲ್ಲಿ ಹಿಮದ ಬಿರುಗಾಳಿಗೆ ಸಿಲುಕಿತು. ರಾತ್ರಿ ತಂಗಬೇಕೆಂದಿದ್ದ ಗುಡಿಸಲನ್ನು ಮುಟ್ಟಲಾರದೆ ಐವರು ವಿದ್ಯಾರ್ಥಿಗಳೂ ತರಬೇತಿಯಲ್ಲಿದ್ದ ಒಬ್ಬ ತರುಣಿಯೂ ಮಡಿದರು. ಆ ಬಳಿಕ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವವರ ತರಬೇತಿಯ ವಿಷಯದಲ್ಲಿ ನಿಯಮಗಳು ಬಿಗಿಯಾದುವು. ಅಷ್ಟು ಎತ್ತರದಲ್ಲಿ ಗುಡಿಸಲುಗಳಿರಬೇಕೆ, ಅವು ಹೋಗಬಾರದ ಹವೆಯಲ್ಲಿ ಜನರನ್ನು ಮೇಲಕ್ಕೆ ಸೆಳೆಯುವುವೇ ಎಂಬ ಚರ್ಚೆಯೂ ನಡೆಯಿತು. ಆ ಗುಡಿಸಲನ್ನು ಕೆಡವಲಾಯಿತು.

ಇದರಿಂದ ಹೆಣ್ಣುಮಕ್ಕಳು ಮನೆಯಲ್ಲಿರಬೇಕೆಂದು ತಿಳಿಯತಕ್ಕದ್ದಲ್ಲ. ಸೂರು ಇದ್ದರೆ ಸಾಲದು, ಅದನ್ನು ಮುಟ್ಟುವ ಹೊತ್ತನ್ನೂ ಹವೆಯನ್ನೂ ಅರಿತಿರಬೇಕೆಂದು ತಿಳಿಯಬೇಕು. ದ್ವೀಪದ ಜನರು ಇದನ್ನು ಬಲ್ಲರು. ನಾರ್ತ್ ಯೂಯಿಸ್ಟ್ ಮತ್ತು ಬೆನ್‌ಬೆಕ್ಯುಲ ದ್ವೀಪಗಳ ನಡುವೆ 1960ರಲ್ಲಿ ಒಡ್ಡುದಾರಿಯಾಗುವ ಮುನ್ನ ಜನರು ಇಳಿತದ ವೇಳೆಯಲ್ಲಿ ತೆರೆದ ಮರಳಿನ ಮೇಲೆ ದಾಟುತ್ತಿದ್ದರು. ಭರತದ ವೇಳೆಯನ್ನು ಮರೆತವರಿಗೆ ಕಡಲು ಕಾಯುತ್ತಿರಲಿಲ್ಲ. ಗಡಿಯಾರ ನೋಡಿ ಹಿಂದಿರುಗಿದವರನ್ನು ಅಲ್ಲಿ ಯಾರೂ ಹೇಡಿಗಳೆನ್ನುತ್ತಿರಲಿಲ್ಲ.

6. ನಮಗೆ ಸಲ್ಲುವ ಪಾಠ

ಹಾಗಾದರೆ ಮೂರು ಪ್ರಶ್ನೆಗಳಿಗೆ ಉತ್ತರವೇನು? ತಂಗುವ ಸ್ಥಳವನ್ನು ಮೊದಲು ನಿಶ್ಚಯಿಸಿ, ಅದಕ್ಕೆ ತಕ್ಕಂತೆ ದಿನದ ನಡಿಗೆಯನ್ನು ಅಳೆಯಬೇಕು. ತಾವೇ ಅಡಿಗೆ ಮಾಡಿ, ತಾವೇ ತೊಳೆದರೆ ಖರ್ಚು ತಾನಾಗಿಯೇ ಇಳಿಯುವುದು. ಇನ್ನು ಹೊಣೆಯು ಕರೆದೊಯ್ಯುವ ಉಪಾಧ್ಯಾಯಿನಿಯದು. ಆಕೆಯು ಆ ದಾರಿಯನ್ನು ಬಲ್ಲವಳಾಗಿರಬೇಕು, ಹಿಂದಿರುಗೋಣವೆಂದು ಹೇಳುವ ಧೈರ್ಯವುಳ್ಳವಳಾಗಿರಬೇಕು. ಅದರಲ್ಲಿ ಒಂದು ಪಾಲು ವಿದ್ಯಾರ್ಥಿನಿಯರದೂ ಹೌದು. ನಕ್ಷೆ ಓದಲು, ಹೊರೆ ಕಟ್ಟಲು, ಹಿಂದುಳಿದವಳನ್ನು ಕಾದು ಜೊತೆಗೂಡಿಸಿಕೊಳ್ಳಲು ಕಲಿತ ಹುಡುಗಿಯು ಇತರರಿಗೆ ಹೊರೆಯಾಗಳು.

ನಮ್ಮ ದೇಶದಲ್ಲಿಯೂ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆಯು ತಂಗುಮನೆಗಳನ್ನೂ ಬೆಟ್ಟದ ನಡಿಗೆಗಳನ್ನೂ ಏರ್ಪಡಿಸುತ್ತ ಬಂದಿದೆ. ಸಹ್ಯಾದ್ರಿಯು ನಮ್ಮ ಬಾಗಿಲಲ್ಲಿಯೇ ಇದೆ. ಮಳೆಗಾಲ ಕಳೆದ ಮೇಲೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲ ಸ್ಥಳೀಯರೊಡನೆ ನಡೆದರೆ ಕಲಿಯಲು ಸಾಕಷ್ಟಿದೆ. ಮಗಳು ಶಾಲೆಯ ಪ್ರವಾಸದ ಕಾಗದವನ್ನು ಸಹಿಗಾಗಿ ತಂದಾಗ ಪೋಷಕರು ಮೂರೂ ಪ್ರಶ್ನೆಗಳನ್ನು ತಪ್ಪದೆ ಕೇಳಲಿ. ಉತ್ತರ ಸಮರ್ಪಕವಾಗಿದ್ದರೆ ಸಹಿ ಹಾಕಲಿ. ಸೂರಿಗಿಂತ ಮೊದಲು ಆಕೆಗೆ ಬೇಕಾದುದು ಆ ಸಹಿಯೇ.

ಮನೆಯಲ್ಲಿ ಅಭ್ಯಾಸಕ್ಕೆ

1. ಗ್ಲಾಸ್ಗೋದಿಂದ ಹೋಮೋರಿನವರೆಗಿನ ದಾರಿಯನ್ನು ಅಟ್ಲಾಸಿನಲ್ಲಿ ಗುರುತಿಸಿರಿ. ಕಡಲನ್ನು ಎಷ್ಟು ಸಾರಿ ಹಡಗಿನಲ್ಲಿ ದಾಟಬೇಕಾಯಿತು?

2. ನಿಮ್ಮ ಊರಿನಿಂದ ಒಂದು ದಿನದಲ್ಲಿ ನಡೆದು ಮುಟ್ಟಬಹುದಾದ ತಂಗುವ ಸ್ಥಳಗಳನ್ನು ಬರೆಯಿರಿ. ಅವುಗಳಲ್ಲಿ ಬಾಲಿಕೆಯರಿಗೆ ಯೋಗ್ಯವಾದುವು ಎಷ್ಟು? ಉಳಿದುವುಗಳಿಗೆ ಇರುವ ಕೊರತೆಯೇನು?

3. ಛತ್ರಕ್ಕೂ ಹಾಸ್ಟೆಲಿಗೂ ಇರುವ ಭೇದವನ್ನು ಮನೆಯ ಹಿರಿಯರೊಡನೆ ಚರ್ಚಿಸಿರಿ.

4. ಹೊರೆಯನ್ನು ನಿಮ್ಮ ಬೆನ್ನಿನ ಮೇಲೆಯೇ ಹೊರಬೇಕಾದರೆ ಐದು ದಿನಗಳ ನಡಿಗೆಗೆ ಏನೇನು ಕೊಂಡೊಯ್ಯುವಿರಿ? ಪಟ್ಟಿಯನ್ನು ಬರೆದು, ಬಳಿಕ ತೂಗಿ ನೋಡಿರಿ.