ಪುಟದ ಅಂಚಿನಲ್ಲೊಂದು ಟಿಪ್ಪಣಿ

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಚದುರಿರುವ ನಮ್ಮ ಓದಿನ ಬಳಗದ ಚರ್ಚೆ ಮೊದಲೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ನಡೆಯುತ್ತಿತ್ತು. ಒಬ್ಬರು ಲಿಂಕ್ ಹಾಕುವುದು, ಇನ್ನೊಬ್ಬರು ‘ಮೂರನೇ ಪ್ಯಾರಾದ ಕೊನೆಯ ಸಾಲು ನೋಡಿ ಮಾರಾಯ್ರೆ’ ಎನ್ನುವುದು. ಆ ಸಾಲು ಹುಡುಕಿ ಬರುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿರುತ್ತಿತ್ತು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಹೈಪಾಥೆಸಿಸ್ ತೋರಿಸಿಕೊಟ್ಟ ಮೇಲೆ ನಾವು ಓದುವ ಕ್ರಮವೇ ಬದಲಾಯಿತು.

ಇದು 2011ರಲ್ಲಿ ಡಾನ್ ವೇಲಿ ಆರಂಭಿಸಿದ ಮುಕ್ತ ತಂತ್ರಾಂಶ. ಬ್ರೌಸರಿಗೆ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಯಾವ ಜಾಲತಾಣದ ಸಾಲನ್ನಾದರೂ ಆಯ್ದು ಬಲಬದಿಯ ಪಟ್ಟಿಯಲ್ಲಿ ಟಿಪ್ಪಣಿ ಬರೆಯಬಹುದು. ತಾಣದವರು ಜಾಗ ಮಾಡಿಕೊಡಬೇಕೆಂದಿಲ್ಲ, ಏಕೆಂದರೆ ಟಿಪ್ಪಣಿ ಉಳಿಯುವುದು ಹೈಪಾಥೆಸಿಸ್‌ನ ಸರ್ವರ್‌ನಲ್ಲಿ. ಆಸೆ ಹಳೆಯದೇ. 1993ರ ಮೊಸಾಯಿಕ್ ಬ್ರೌಸರಿನಲ್ಲೇ ಇದನ್ನು ಪ್ರಯತ್ನಿಸಿ ಬಿಟ್ಟರು. ಗೂಗಲ್‌ನ ಸೈಡ್‌ವಿಕಿ 2009ರಲ್ಲಿ ಬಂದು 2011ರಲ್ಲಿ ನಿಂತಿತು. 2017ರ ಫೆಬ್ರವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ ಜಾಲ ಟಿಪ್ಪಣಿಗೆ ಒಂದು ಮಾನಕವನ್ನೇ ಒಪ್ಪಿತು.

ಪುಟ ಬದಲಾದರೂ ಟಿಪ್ಪಣಿ ತನ್ನ ಸಾಲನ್ನು ಹೇಗೆ ಹುಡುಕಿಕೊಳ್ಳುತ್ತದೆ? ಉತ್ತರ ಉಡುಪಿಯವರಿಗೆ ಪರಿಚಿತವಾದದ್ದೇ. ಮಧ್ವಾಚಾರ್ಯರ ಅನುವ್ಯಾಖ್ಯಾನಕ್ಕೆ ಜಯತೀರ್ಥರ ನ್ಯಾಯಸುಧಾ, ನ್ಯಾಯಸುಧೆಗೆ ರಾಘವೇಂದ್ರ ತೀರ್ಥರ ಪರಿಮಳ. ಟೀಕಾಕಾರರು ಮೂಲದ ಒಂದೆರಡು ಪದಗಳನ್ನು ಪ್ರತೀಕವಾಗಿ ಎತ್ತಿಕೊಂಡು ಆಮೇಲೆ ವಿವರಣೆಗೆ ಇಳಿಯುತ್ತಾರೆ. ತಾಳೆಗರಿಯ ಪ್ರತಿಯಿಂದ ಪ್ರತಿಗೆ ಗರಿಯ ಸಂಖ್ಯೆ ಬದಲಾಗಲಿ, ಪ್ರತೀಕ ಹಿಡಿದು ಹೋದವರಿಗೆ ಜಾಗ ಸಿಗುತ್ತದೆ. ಹೈಪಾಥೆಸಿಸ್ ಕೂಡ ಆಯ್ದ ಪದಗಳನ್ನೂ ಅವುಗಳ ಹಿಂದುಮುಂದಿನ ಕೆಲವು ಅಕ್ಷರಗಳನ್ನೂ ಉಳಿಸಿಕೊಂಡು ಅವುಗಳಿಂದಲೇ ಸಾಲನ್ನು ಹುಡುಕುತ್ತದೆ.

ಕನ್ನಡದ ತೊಡಕು ಇಲ್ಲೇ ಇರುವುದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಪಿಡಿಎಫ್‌ಗಳು ಇನ್ನೂ ಎಷ್ಟೋ ಇವೆ. ಕಣ್ಣಿಗೆ ಕಾಣುವುದು ಕನ್ನಡ, ಆಯ್ದ ಕೂಡಲೇ ಟಿಪ್ಪಣಿಯ ಮೇಲೆ ಬಂದು ಕೂರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿದ ಪುಟಗಳಲ್ಲಂತೂ ಆಯಲು ಅಕ್ಷರವೇ ಇಲ್ಲ. ಯೂನಿಕೋಡ್ ಇದ್ದರೂ ‘ಕೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ತುಂಡುಗಳಾಗಿಯೂ ಬರೆಯಬಹುದು, ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದೇ ಬರಹ ಎರಡು ಕಡೆ ಸಿಕ್ಕರೆ ನಾವೀಗ ವಿಕಿಸೋರ್ಸ್‌ನಂಥ ಯೂನಿಕೋಡ್ ಪಠ್ಯವನ್ನೇ ಹಿಡಿಯುತ್ತೇವೆ. ಕನ್ನಡದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವ ಕೆಲಸ ತಂತ್ರಜ್ಞರ ಚಟವಲ್ಲ, ಓದುಗರ ಹಕ್ಕಿನ ಪ್ರಶ್ನೆ ಎಂದು ನನಗೆ ಮನವರಿಕೆಯಾದದ್ದು ಇಲ್ಲಿಯೇ.

ಎಂಥ ಟಿಪ್ಪಣಿಗೆ ಬೆಲೆ ಎಂಬುದನ್ನು ಕಾರ್ಕಳದ ನಿವೃತ್ತ ಶಿಕ್ಷಕಿಯೊಬ್ಬರು ಕಲಿಸಿದರು. ಒಂದು ಪ್ರವಾಸಿ ಪುಟ ಕಾರ್ಕಳದ ಗೊಮ್ಮಟನನ್ನೂ ಚತುರ್ಮುಖ ಬಸದಿಯನ್ನೂ ಒಬ್ಬನೇ ಅರಸನ ಕೆಲಸವೆಂದು ಬರೆದಿತ್ತು. ‘ತಪ್ಪು’ ಎಂದಷ್ಟೇ ಬರೆದು ಟೀಚರ್ ಸುಮ್ಮನಾಗಲಿಲ್ಲ. ಗೊಮ್ಮಟ 1432ರದ್ದು, ನಿಲ್ಲಿಸಿದವನು ವೀರಪಾಂಡ್ಯ. ಬಸದಿ 1586ರದ್ದು, ಕಟ್ಟಿಸಿದವನು ಇಮ್ಮಡಿ ಭೈರವ. ಆಧಾರ ಅಲ್ಲಿನ ಶಾಸನಗಳು ಎಂದು ಆ ವಾಕ್ಯಕ್ಕೇ ಅಂಟಿಸಿದರು. ಕಾಪುವಿನ ಅಕ್ಕನಿಂದ ಬರುವುದು ಹೆಚ್ಚಾಗಿ ಪ್ರಶ್ನೆಗಳು. ಅಲ್ಲಿನ 1901ರ ದೀಪಸ್ತಂಭದ ಬಗ್ಗೆ ಓದುವಾಗ ಅವರು ಕೇಳಿದ್ದಕ್ಕೆ ಉತ್ತರ ಹುಡುಕುತ್ತ ನಾವು ಕರಾವಳಿಯ ಹಡಗು ವ್ಯಾಪಾರದವರೆಗೆ ಹೋದೆವು.

ಟಿಪ್ಪಣಿ ಕಾಣುವುದು ಈ ಸಾಧನ ಬಳಸುವವರಿಗೆ ಮಾತ್ರ. ಪುಟಕ್ಕೆ ಬಂದುಹೋಗುವ ಪ್ರವಾಸಿಗೆ ಅಲ್ಲ. ಹಾಗಾಗಿ ವಿಕಿಪೀಡಿಯದ ತಪ್ಪನ್ನು ಅಲ್ಲೇ ಹೋಗಿ ತಿದ್ದುತ್ತೇವೆ, ಬೇರೆ ತಾಣವಾದರೆ ಮಿಂಚಂಚೆ ಕಳಿಸುತ್ತೇವೆ. ಒಬ್ಬರ ಸ್ವಂತ ಬರಹದ ಮೇಲಿನ ನಮ್ಮ ಮಾತನ್ನು ಆಹ್ವಾನಿತರ ಗುಂಪಿನೊಳಗೇ ಇಟ್ಟುಕೊಳ್ಳುತ್ತೇವೆ. ಬರೆದವರನ್ನು ಕೇಳದೆ ಅವರ ಅಂಗಳದಲ್ಲಿ ಜಗಳ ಹೂಡುವುದು ಸರಿಯಲ್ಲ.

ಟೀಚರ್ ಬರೆದ ಮಿಂಚಂಚೆಯಿಂದ ಆ ಪ್ರವಾಸಿ ಪುಟ ತಿದ್ದಿಕೊಂಡಿತು. ಹಳೆಯ ವಾಕ್ಯ ಹೋದದ್ದರಿಂದ ಅವರ ಟಿಪ್ಪಣಿ ‘ಆರ್ಫನ್ಸ್’ ಎಂಬ ವಿಭಾಗಕ್ಕೆ ಸರಿಯಿತು. ಆಧಾರ ಜೊತೆಗೇ ಇರುವುದರಿಂದ, ಬಳಗಕ್ಕೆ ಹೊಸದಾಗಿ ಬಂದವರಿಗೆ ಮೊದಲು ಓದಲು ಕೊಡುವುದು ಅದನ್ನೇ.