ಗೊರಕೆ ನಡುವೆ ನಿಂತರೆ

ಮಕ್ಕಳೇ, ತೆಂಗಿನ ಗರಿಯನ್ನು ಸುರುಳಿ ಸುತ್ತಿ ಪೀಪಿ ಮಾಡಿ ಊದಿದ್ದೀರಲ್ಲವೇ? ಪೀಪಿಯ ಬಾಯಿಯನ್ನು ತುಸು ಒತ್ತಿ ಚಪ್ಪಟೆ ಮಾಡಿದರೆ ಅದು ಚೆನ್ನಾಗಿ ಕೂಗುತ್ತದೆ. ಇಕ್ಕಟ್ಟಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಗರಿಯ ಅಂಚುಗಳು ಅದುರುತ್ತವೆ. ಆ ಅದುರುವಿಕೆಯೇ ನಮಗೆ ಸದ್ದಾಗಿ ಕೇಳುತ್ತದೆ. ಈಗ ಬಾಯಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸದ್ದು ನಿಂತಿತು! ಕೆನ್ನೆ ಉಬ್ಬಿಸಿ ಎಷ್ಟು ಊದಿದರೂ ಗಾಳಿ ಮುಂದೆ ಹೋಗುವುದಿಲ್ಲ.

ಗೊರಕೆಯೂ ಇಂಥದೇ ಒಂದು ಪೀಪಿ.

ನಮ್ಮ ಉಸಿರು ನಾಲಗೆಯ ಬುಡದ ಹಿಂದಿರುವ ಗಂಟಲಿನ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಳಗಿರುವ ಶ್ವಾಸನಾಳಕ್ಕೆ ಮೃದ್ವಸ್ಥಿಯ ಉಂಗುರಗಳ ಆಸರೆ ಇದೆ. ಆದರೆ ನಾಲಗೆಯ ಹಿಂದಿನ ಈ ಭಾಗಕ್ಕೆ ಅಂಥ ಉಂಗುರಗಳಿಲ್ಲ; ಅದನ್ನು ಮುಖ್ಯವಾಗಿ ಸ್ನಾಯುಗಳೇ ತೆರೆದಿಡುತ್ತವೆ. ನಾವು ಎಚ್ಚರವಾಗಿರುವಾಗ ಬಿಗಿಯಾಗಿರುವ ಈ ಸ್ನಾಯುಗಳು ನಿದ್ದೆಯಲ್ಲಿ ಸಡಿಲವಾಗುತ್ತವೆ. ಅಂಗಾತ ಮಲಗಿದರೆ ಭೂಮಿಯ ಸೆಳೆತಕ್ಕೆ ನಾಲಗೆಯೂ ಕಿರುನಾಲಗೆಯೂ ಗಂಟಲಿನ ಕಡೆಗೆ ಜಾರುತ್ತವೆ. ದಾರಿ ಕಿರಿದಾಗುತ್ತದೆ. ಆಗ ಕೇಳುವುದೇ ಗೊರ್ರ್... ಗೊರ್ರ್...

ಕುಂಭಕರ್ಣನ ಕಥೆಯಲ್ಲಿ ಗೊರಕೆಯ ಮಾತು ಬಂದಾಗ ನೀವೆಲ್ಲ ನಕ್ಕಿರುತ್ತೀರಿ. ಗೊರಕೆ ಹೊಡೆಯುವವರಿಗೆಲ್ಲ ಕಾಯಿಲೆ ಇರುತ್ತದೆ ಎಂದೇನೂ ಇಲ್ಲ. ಆದರೆ ಕೆಲವರ ಗೊರಕೆ ಜೋರಾಗಿ ಕೇಳುತ್ತಿದ್ದುದು ಥಟ್ಟನೆ ನಿಂತುಬಿಡುತ್ತದೆ. ಸದ್ದಿಲ್ಲ, ಉಸಿರೂ ಇಲ್ಲ. ಹತ್ತು ಸೆಕೆಂಡು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹೊತ್ತು! ಎದೆ ಹೊಟ್ಟೆಗಳು ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ಗಟ್ಟಿಯಾಗಿ ಒತ್ತಿದ ಪೀಪಿಯಂತೆ ಗಂಟಲು ಮುಚ್ಚಿಹೋಗಿರುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮೆದುಳು ಮಲಗಿದವರನ್ನು ಅರೆಕ್ಷಣ ಎಚ್ಚರಿಸುತ್ತದೆ. ಅವರು ಒಮ್ಮೆಲೇ ಏದುಸಿರು ಬಿಟ್ಟು ಮತ್ತೆ ನಿದ್ದೆಗೆ ಜಾರುತ್ತಾರೆ. ಇದಕ್ಕೆ ವೈದ್ಯರು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಅಪ್ನಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಉಸಿರಿಲ್ಲದಿರುವುದು ಎಂದರ್ಥ. ಕಾಯಿಲೆ ಹೆಚ್ಚಾದವರಲ್ಲಿ ಹೀಗೆ ಗಂಟೆಗೆ 30 ಸಲಕ್ಕಿಂತಲೂ ಹೆಚ್ಚು ಆಗುವುದುಂಟು.

ಬೆಳಿಗ್ಗೆ ಕೇಳಿದರೆ ಅವರಿಗೆ ಇದಾವುದೂ ನೆನಪಿರುವುದಿಲ್ಲ. ತಲೆನೋವು ಎನ್ನಬಹುದು, ಹಗಲಿನಲ್ಲಿ ಕುಳಿತಲ್ಲೇ ತೂಕಡಿಸಬಹುದು. ಲಾರಿ ಓಡಿಸುವವರು ಹೀಗೆ ತೂಕಡಿಸಿದರೆ ಏನಾದೀತು, ಯೋಚಿಸಿ. ರಕ್ತದ ಒತ್ತಡವೂ ಏರುತ್ತದೆ. ಮಲಗಿದವರಿಗೇ ತಿಳಿಯದ ಈ ಕಾಯಿಲೆಯನ್ನು ಎಷ್ಟೋ ಸಲ ಮೊದಲು ಗುರುತಿಸುವವರು ಪಕ್ಕದಲ್ಲಿ ಮಲಗಿದವರು. ಅಜ್ಜನ ಪಕ್ಕದಲ್ಲಿ ಮಲಗುವ ನೀವೂ ಆಗಬಹುದು!

ಹಾಗಾದರೆ ಮಗ್ಗುಲು ಬದಲಿಸಿದರೆ ಏನಾಗುತ್ತದೆ? ಅಮೇರಿಕದ ಶಿಕಾಗೋ ನಗರದ ವಿಜ್ಞಾನಿ ರೊಸಾಲಿಂಡ್ ಕಾರ್ಟ್‌ರೈಟ್ ಇದನ್ನು ಲೆಕ್ಕ ಹಾಕಿ ನೋಡಿದರು. ಅವರು ಪರೀಕ್ಷಿಸಿದ ರೋಗಿಗಳಲ್ಲಿ ಉಸಿರು ಕಟ್ಟುವುದು ಪಕ್ಕಕ್ಕೆ ಮಲಗಿದಾಗ ಇದ್ದುದಕ್ಕಿಂತ ಅಂಗಾತ ಮಲಗಿದಾಗ ಎರಡು ಪಟ್ಟು ಹೆಚ್ಚಾಗಿತ್ತು. 1984ರಲ್ಲಿ ಅವರು ಇದನ್ನು ಪ್ರಕಟಿಸಿದರು. ಪಕ್ಕಕ್ಕೆ ಮಲಗಿದರೆ ನಾಲಗೆ ನೇರವಾಗಿ ಗಂಟಲಿಗೆ ಜಾರುವುದಿಲ್ಲ, ಅಷ್ಟೇ.

ಆದರೆ ನಿದ್ದೆ ಬಂದ ಮೇಲೆ ಹೊರಳದಂತೆ ನೋಡಿಕೊಳ್ಳುವವರು ಯಾರು? ಅದಕ್ಕೊಂದು ತಮಾಷೆಯ ಉಪಾಯವಿದೆ. ಅಂಗಿಯ ಬೆನ್ನಿಗೆ ಜೇಬು ಹೊಲಿದು ಅದರಲ್ಲಿ ಒಂದು ಟೆನಿಸ್ ಚೆಂಡು ಇಡುವುದು! ಅಂಗಾತವಾದರೆ ಚೆಂಡು ಒತ್ತುತ್ತದೆ, ಮಲಗಿದವರು ಮತ್ತೆ ಮಗ್ಗುಲಾಗುತ್ತಾರೆ. ಚೆಂಡಿನ ಕಾಟ ತಾಳದೆ ಅಂಗಿ ಬಿಚ್ಚಿಟ್ಟವರು ಬಹಳ ಮಂದಿ. ಈಗ ಮೆಲ್ಲಗೆ ಅದುರಿ ಎಚ್ಚರಿಸುವ ಪಟ್ಟಿಗಳೂ ಬಂದಿವೆ.

ಮಗ್ಗುಲಾಗಿ ಮಲಗಿದರೂ ಗಂಟಲು ಮುಚ್ಚಿಕೊಳ್ಳುವವರಿದ್ದಾರೆ. ಅವರಿಗೆ ಇನ್ನೊಂದು ದಾರಿ ಬೇಕು. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮೂಗಿನ ಮುಸುಕಿನ ಮೂಲಕ ರಾತ್ರಿಯಿಡೀ ಗಾಳಿ ಊದುವ ಯಂತ್ರವನ್ನು ರೂಪಿಸಿ, 1981ರಲ್ಲಿ ಅದರ ಬಗ್ಗೆ ಬರೆದರು. ಗಾಳಿಯ ಒತ್ತಡವೇ ಗಂಟಲನ್ನು ತೆರೆದಿಡುತ್ತದೆ. ಮೊದಮೊದಲು ಇದಕ್ಕೆ ಕಸ ಹೀರುವ ಯಂತ್ರದ ಮೋಟಾರನ್ನು ಬಳಸಿದ್ದರು. ಅದು ಗೊರಕೆಯಷ್ಟೇ ಗದ್ದಲ ಮಾಡಿರಬೇಕು! ಇಂದಿನ ಯಂತ್ರಗಳು ಚಿಕ್ಕವು, ಸದ್ದೂ ಕಡಿಮೆ. ಯಾರಿಗೆ ಯಾವುದು ಸಾಕು ಎಂಬುದನ್ನು ಪರೀಕ್ಷೆ ಮಾಡಿದ ವೈದ್ಯರೇ ಹೇಳಬೇಕು.

ನಿಮ್ಮ ವಯಸ್ಸಿನವರಿಗೂ ಈ ಕಾಯಿಲೆ ಬರುತ್ತದೆ. ಮಕ್ಕಳಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಊದಿಕೊಂಡ ಟಾನ್ಸಿಲ್‌ಗಳು ಮತ್ತು ಮೂಗಿನ ಹಿಂದಿರುವ ಅಡೆನಾಯ್ಡ್ ಗಂಟುಗಳು. ನಿಮ್ಮ ತಂಗಿಯೋ ತಮ್ಮನೋ ದಿನವೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಅಮ್ಮನಿಗೆ ತಿಳಿಸಿ. ಆದರೆ ತೊಟ್ಟಿಲಿನ ಮಗುವನ್ನು ಮಾತ್ರ ಮಗ್ಗುಲಿಗೆ ಹೊರಳಿಸಲು ಹೋಗಬೇಡಿ. ಒಂದು ವರ್ಷ ತುಂಬುವವರೆಗೆ ಮಗುವನ್ನು ಅಂಗಾತ ಮಲಗಿಸುವುದೇ ಸುರಕ್ಷಿತ.

ಅಭ್ಯಾಸ

1. ಗೊರಕೆಯನ್ನು ಪೀಪಿಗೆ ಹೋಲಿಸಿರುವುದೇಕೆ?
2. ಅಂಗಾತ ಮಲಗಿದಾಗ ಗಂಟಲಿನ ದಾರಿ ಕಿರಿದಾಗುವುದು ಹೇಗೆ? ಚಿತ್ರ ಬರೆದು ವಿವರಿಸಿ.
3. ನಿಮ್ಮ ಮನೆಯಲ್ಲಿ ಯಾರು ಹೇಗೆ ಮಲಗುತ್ತಾರೆ? ಯಾರ ಗೊರಕೆ ಯಾವಾಗ ಹೆಚ್ಚು? ಮನೆಯವರನ್ನು ಕೇಳಿ ಬರೆಯಿರಿ.